ಎಡದಿಂದ ಬಲಕ್ಕೆ ಗೋಳು, ಮೇಲಿಂದ ಕೆಳಕ್ಕೆ ಗೋಳು

ಪದಬಂಧದ ಹುಚ್ಚು ಹತ್ತಿದವರು ಮಾನ ಕಳ್ಕೊಳ್ಳೋಕೆ ಎಲ್ಲೂ ಹೋಗಬೇಕಾಗಿಲ್ಲ. ಭಾನುವಾರದ ಪೇಪರಿನ ಜೊತೆ ಅದೂ ಬಾಗಿಲಿಗೇ ಬಂದು ಬೀಳುತ್ತೆ. ಊರಿಗೆಲ್ಲ ವಾರಕ್ಕೊಂದು ರಜಾ ಆದ್ರೆ ನಮಗೆ ವಾರಕ್ಕೊಂದು ಅವಮಾನ.

ಅನ್ನಪೂರ್ಣೇಶ್ವರಿ ನಗರದಲ್ಲಿ ನಂದೊಂದು ಬ್ಲೌಸ್ ಹೊಲಿಯೋ ಅಂಗಡಿ ಇದೆ. ಸೀರೆಗೆ ಫಾಲ್ ಹಾಕ್ತೀನಿ, ಕುಚ್ಚು ಕಟ್ತೀನಿ, ದಪ್ಪ ಆದವರ ಹಳೇ ಬ್ಲೌಸು ಬಿಚ್ಚಿ ದೊಡ್ಡದು ಮಾಡ್ತೀನಿ. ಭಾನುವಾರ ಬೆಳಿಗ್ಗೆ ಮಾತ್ರ ಮಿಷನ್ನಿಗೆ ಬಟ್ಟೆ ಹೊದಿಸಿಬಿಡ್ತೀನಿ. ಪೇಪರಿನ ಪುರವಣಿಯಲ್ಲಿ ಪದಬಂಧ ಸ್ಪರ್ಧೆ ಬರುತ್ತೆ ನೋಡಿ, ಅದಕ್ಕೆ. ಮನೆಗಳನ್ನ ತುಂಬಿ, ಕತ್ತರಿಸಿ, ಪೋಸ್ಟ್ ಕಾರ್ಡಿಗೆ ಅಂಟಿಸಿ ಕಳಿಸಬೇಕು. ಜೆರಾಕ್ಸ್ ನಡೆಯಲ್ಲ. ಎಲ್ಲಾ ಸರಿ ಇರೋ ಕಾರ್ಡುಗಳಲ್ಲಿ ಚೀಟಿ ಎತ್ತಿ ಒಬ್ಬರನ್ನ ಆರಿಸ್ತಾರೆ. ಅವರ ಹೆಸರು, ಏರಿಯಾ, ಒಂದು ಪುಟ್ಟ ಫೋಟೋ ಪೇಪರಲ್ಲಿ ಬರುತ್ತೆ. ಬಹುಮಾನ ಅಂತ ಕೊಡೋದು ಒಂದು ಪುಸ್ತಕ.

ಪುಸ್ತಕ ಯಾರಿಗೆ ಬೇಕು? ನನಗೆ ಬೇಕಾಗಿದ್ದು ಹೆಸರು. ನನ್ನ ಹೆಸರು ಅಚ್ಚಾಗಿದ್ದು ಮದುವೆ ಕಾರ್ಡಲ್ಲೇ ಕೊನೆ. ಅಂಗಡಿ ಬೋರ್ಡಲ್ಲಿ ಮನೆದೇವರ ಹೆಸರಿದೆ, ಕರೆಂಟ್ ಬಿಲ್ಲಲ್ಲಿ ಮಾವನವರ ಹೆಸರಿದೆ. ಓದಿದ್ದು ಪಿಯುಸಿ, ಬರೋದು ಹೊಲಿಗೆ ಮತ್ತು ಪದಬಂಧ. ಹೊಲಿಗೆಗೆ ಯಾರೂ ಫೋಟೋ ಹಾಕಲ್ಲ. ಅದಕ್ಕೇ ಒಂದೇ ಒಂದು ಸಲ ಆ ಚೌಕದಲ್ಲಿ ನನ್ನ ಹೆಸರು ನೋಡಬೇಕು ಅಂತ ವರ್ಷಗಟ್ಟಲೆ ಕಾರ್ಡು ಕಳಿಸ್ತಾ ಇದೀನಿ. ಇಷ್ಟು ಪ್ರಯತ್ನ ಎಲೆಕ್ಷನ್ನಿಗೆ ಹಾಕಿದ್ರೆ ಈ ಹೊತ್ತಿಗೆ ಕಾರ್ಪೊರೇಟರ್ ಆಗಿರ್ತಿದ್ದೆ.

ಮೇಷ್ಟ್ರು ಹೇಳಿದ ಮೇಲೆ ಮುಗೀತು

ನನ್ನ ಅಂಗಡಿಯಲ್ಲಿ ಸ್ಟೂಲೂ ಇದೆ, ಕತ್ತರಿನೂ ಇದೆ ಅಂತ ಈ ಕಡೆಯ ಪದಬಂಧದವರೆಲ್ಲ ಭಾನುವಾರ ಅಲ್ಲೇ ಸೇರ್ತಾರೆ. ನಮ್ಮ ಮುಖಂಡರು ಒಬ್ಬ ರಿಟೈರ್ಡ್ ಕನ್ನಡ ಮೇಷ್ಟ್ರು. ನಾವು ಯಾರೂ ಅವರನ್ನ ಮುಖಂಡರು ಮಾಡಲಿಲ್ಲ, ಅವರಾಗೇ ಆದ್ರು. ಇನ್ನೊಬ್ಬಳು ಬ್ಯಾಡರಹಳ್ಳಿಯಿಂದ ಬಸ್ಸಲ್ಲಿ ಬರೋ ರೊಟ್ಟಿ ಅಕ್ಕ. ವಿಜಯಪುರದ ಕಡೆಯವಳು, ಜೋಳದ ರೊಟ್ಟಿ ಮಾಡಿ ಮನೆಮನೆಗೆ ಮಾರ್ತಾಳೆ. ಉಳಿದವರು ಬರ್ತಾರೆ, ಹೋಗ್ತಾರೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ. ಎಲ್ಲರ ಕಾರ್ಡಲ್ಲೂ ಒಂದೇ ಉತ್ತರ ಇರಬೇಕು. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೆ ಹೋದ್ರೆ ಮನಸ್ತಾಪ ಆಗುತ್ತೆ ಅಂತ ಮೇಷ್ಟ್ರೇ ಮಾಡಿದ ಕಾನೂನು. ಹೋದ್ರೆ ಎಲ್ಲರದ್ದೂ ಒಟ್ಟಿಗೇ ಹೋಗಲಿ ಅನ್ನೋದು ಅದರ ಅರ್ಥ ಅಂತ ನನಗೆ ಆಮೇಲೆ ಗೊತ್ತಾಯ್ತು.

ಒಂದು ವಾರ ಸುಳಿವು ಹೀಗಿತ್ತು: ಇದರಲ್ಲಿ ನೀರು ತರುತ್ತಾರೆ, ಮೂರು ಅಕ್ಷರ. ಕೊನೇ ಅಕ್ಷರ 'ಗೆ' ಅಂತ ಆಗಲೇ ಸಿಕ್ಕಿತ್ತು. ನಾನು ಬಿಂದಿಗೆ ಅಂತ ಬರೆದೆ. ಇದಕ್ಕೇನು ಡಾಕ್ಟರೇಟ್ ಬೇಕಾ? ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಬಿಂದಿಗೆ ಹಿಡ್ಕೊಂಡು ಓಡಿದವಳು ನಾನು. ರೊಟ್ಟಿ ಅಕ್ಕ ಮಾತ್ರ, ನಮ್ಮ ಕಡೆ ಕೊಡ ಅಂತೀವ್ರಿ, ಎರಡು ಮನಿ ಸಾಕು, ಇನ್ನೊಂದು ಖಾಲಿ ಇರ್ಲಿ ಬಿಡ್ರಿ ಅಂದ್ಲು. ಮೇಷ್ಟ್ರು ಕಣ್ಣು ಮುಚ್ಚಿ, ತೆಗೆದು, ತಂಬಿಗೆ ಅಂದ್ರು. ಮನೆಗೆ ಬಂದವರಿಗೆ ನೀರು ತರೋದು ತಂಬಿಗೆಯಲ್ಲಿ, ಬಿಂದಿಗೆಯನ್ನ ಹೊರ್ತಾರೆಯೇ ಹೊರತು ತರಲ್ಲ, ಪದಬಂಧ ಮಾಡುವವರು ಬಹಳ ಸೂಕ್ಷ್ಮದ ಮನುಷ್ಯರು ಅಂತ ಅರ್ಧ ಗಂಟೆ ಪಾಠ ಆಯ್ತು.

ಅಷ್ಟು ವಯಸ್ಸಾದವರ ಮುಂದೆ ಏನು ವಾದ ಮಾಡೋದು? ರಬ್ಬರ್ ತಗೊಂಡು ಅಳಿಸಿದೆ. ಎಲ್ಲರೂ ತಂಬಿಗೆ ಬರೆದು ಕಳಿಸಿದ್ವಿ.

ಮುಂದಿನ ವಾರ ಉತ್ತರ ಬಂತು. ಬಿಂದಿಗೆ. ನಮ್ಮ ಗುಂಪಿನ ಒಂದು ಕಾರ್ಡೂ ಉಳೀಲಿಲ್ಲ. ನನಗೆ ಅಳು ಬರೋದೊಂದು ಬಾಕಿ. ಮೇಷ್ಟ್ರು ತಪ್ಪಾಯ್ತು ಅಂತಾರೇನೋ ಅಂತ ಮುಖ ನೋಡಿದೆ. ಅವರು ಪೇಪರ್ ಮಡಚಿಟ್ಟು ನಿಟ್ಟುಸಿರು ಬಿಟ್ರು. "ಪತ್ರಿಕೆಯವರ ಮಟ್ಟ ಇಳಿದುಹೋಗಿದೆ ಕಣಮ್ಮ," ಅಂದ್ರು. "ಇನ್ಮೇಲೆ ನಾವೂ ಸ್ವಲ್ಪ ಇಳಿಯೋದನ್ನ ಅಭ್ಯಾಸ ಮಾಡ್ಕೋಬೇಕು."

ಮೀನ ರಾಶಿಯ ಗತಿ

ನಮ್ಮ ಯಜಮಾನ್ರು ಸೈಟು, ಮನೆ ತೋರಿಸೋ ಬ್ರೋಕರ್. ಉಲ್ಲಾಳದಿಂದ ಕೆಂಗೇರಿವರೆಗೆ ಯಾವ ಸೈಟಿಗೆ ಯಾವ ದಿಕ್ಕಿನ ಬಾಗಿಲು ಅಂತ ಬಾಯಿಪಾಠ. ಪದಬಂಧ ಅಂದ್ರೆ ಮಾತ್ರ ಅಲರ್ಜಿ, ಅದು ಕೆಲಸ ಇಲ್ಲದವರ ಕೆಲಸ ಅಂತಾರೆ. ಆದ್ರೆ ವಾರಭವಿಷ್ಯ ಓದದೆ ಯಾವ ಪಾರ್ಟಿಯನ್ನೂ ಸೈಟಿಗೆ ಕರ್ಕೊಂಡು ಹೋಗಲ್ಲ. ಅವರದ್ದು ಮೀನ ರಾಶಿ, ಅಂದ್ರೆ ಪಟ್ಟಿಯಲ್ಲಿ ಕೊನೇದು, ಪುಟದ ಕೆಳಗಿನ ಮೂಲೆ. ನಮ್ಮ ಗ್ರಹಚಾರಕ್ಕೆ ಆ ಮೂಲೆಯ ಹಿಂಬದಿಯಲ್ಲೇ ಪದಬಂಧ ಅಚ್ಚಾಗುತ್ತೆ.

ನಾನು ಕತ್ತರಿ ಹಾಕಿದ ಮೇಲೆ ಮೇಷದಿಂದ ಕುಂಭದವರೆಗೆ ಎಲ್ಲರೂ ಕ್ಷೇಮ. ಮೀನದ ಜಾಗದಲ್ಲಿ ಕಿಟಕಿ. ಆ ಕಿಟಕಿಯಲ್ಲಿ ಯಜಮಾನ್ರ ಮುಖ ಕಾಣಿಸುತ್ತೆ. ಮೊದಲು ಓದಿಬಿಡಿ ಅಂದ್ರೆ ಸ್ನಾನ ಮಾಡದೆ ಭವಿಷ್ಯ ಓದಲ್ಲ ಅಂತಾರೆ. ಅವರ ಸ್ನಾನ ಮುಗಿಯೋದು ಮಧ್ಯಾಹ್ನಕ್ಕೆ.

ಒಂದು ಭಾನುವಾರ ದೊಡ್ಡ ಪಾರ್ಟಿ ಬರೋದಿತ್ತು. ಭವಿಷ್ಯ ತಿಳೀಲೇಬೇಕು. ನನ್ನ ಮೇಲೆ ಕೂಗಾಡಿ, ಚಪ್ಪಲಿ ಮೆಟ್ಕೊಂಡು, ಮೂಲೆ ಕಟಿಂಗ್ ಶಾಪಿಗೆ ಹೋದ್ರು, ಅಲ್ಲೂ ಅದೇ ಪೇಪರ್ ತರಿಸ್ತಾರೆ ಅಂತ. ಗಡ್ಡ ಮಾಡಿಸೋದು ಬೇಡದಿದ್ರೂ ಕುರ್ಚಿ ಹತ್ತಿ ಕೂತು, ಮುಖಕ್ಕೆ ನೊರೆ ಹಚ್ಚಿಸ್ಕೊಂಡು ಪುರವಣಿ ಬಿಡಿಸಿದ್ರಂತೆ. ಅಲ್ಲೂ ಮೀನದ ಜಾಗದಲ್ಲಿ ಕಿಟಕಿ. ಆ ಕಿಟಕಿಯಿಂದ ನೋಡಿದ್ರೆ ಪಕ್ಕದ ಕುರ್ಚಿಯಲ್ಲಿ ನಮ್ಮ ಮೇಷ್ಟ್ರು, ಕತ್ತರಿಸಿದ ಚೌಕಕ್ಕೆ ಶಾಪಿನವನ ಶೇವಿಂಗ್ ಬ್ರಷ್ಷಿನಿಂದ ಗೋಂದು ಹಚ್ತಾ ಕೂತಿದ್ರಂತೆ.

ಕೆಂಪು ಡಬ್ಬಿ

ಮೇಷ್ಟ್ರಿಗೆ ಕಣ್ಣಿನ ಪೊರೆ ಆಪರೇಷನ್ ಆಯ್ತು. ಕಪ್ಪು ಕನ್ನಡಕ ಹಾಕ್ಕೊಂಡೇ ಬಂದು, ಗುಂಪಿನ ಕಾರ್ಡೆಲ್ಲ ಪೋಸ್ಟ್ ಮಾಡೋ ಜವಾಬ್ದಾರಿ ನಂದು ಅಂತ ಹಟ ಹಿಡಿದ್ರು. ಆ ವಾರ ನಾನು ನಾಲ್ಕು ಸಲ ತಿದ್ದಿ ನೋಡಿದ್ದೆ, ಒಂದು ಮನೆಯೂ ತಪ್ಪಿರಲಿಲ್ಲ. ಸಿಕ್ಕಿದ್ರೆ ಈ ಸಲವೇ ಅಂತ ಮನಸ್ಸು ಹೇಳ್ತಿತ್ತು. ಕಾರ್ಡುಗಳನ್ನೆಲ್ಲ ಸೇರಿಸಿ, ಬ್ಲೌಸ್ ಪೀಸಿನ ಪಟ್ಟಿಯಿಂದ ಗಟ್ಟಿಯಾಗಿ ಕಟ್ಟಿ ಕೊಟ್ಟೆ.

ನಮ್ಮ ಮೇನ್ ರೋಡಲ್ಲಿ ಒಂದು ಅಪಾರ್ಟ್‌ಮೆಂಟ್ ಇದೆ. ಅಲ್ಲಿಯವರು ದೂರು ಹಾಕೋಕೆ ಅಂತ ಗೇಟಿನ ಪಕ್ಕ ಒಂದು ಡಬ್ಬಿ ಇಟ್ಟಿದ್ರು. ಬಣ್ಣ ಕೆಂಪು, ಮೇಲೊಂದು ಸೀಳು. ಮೇಷ್ಟ್ರು ಅದಕ್ಕೇ ಕಟ್ಟು ಹಾಕಿ, ಡಬ್ಬಿ ತಟ್ಟಿ ನೋಡಿ, ನೆಮ್ಮದಿಯಾಗಿ ಮನೆಗೆ ಹೋದ್ರು.

ಅಲ್ಲಿನ ಸೆಕ್ರೆಟರಿ ಡಬ್ಬಿ ತೆಗೆದ. ಲಿಫ್ಟು ಕೆಟ್ಟು, ಮೋಟರ್ ಸುಟ್ಟು, ಜನ ಆಗಲೇ ಅವನ ಮೇಲೆ ಹಲ್ಲು ಕಡೀತಿದ್ರು. ನೋಡಿದ್ರೆ ದಪ್ಪನೆಯ ಕಾರ್ಡಿನ ಕಟ್ಟು, ಮೇಲಿನ ಕಾರ್ಡಲ್ಲಿ ದೊಡ್ಡ ಅಕ್ಷರದಲ್ಲಿ 'ಸಂಪಾದಕರಿಗೆ'. ಇಡೀ ಅಪಾರ್ಟ್‌ಮೆಂಟ್ ತನ್ನ ಮೇಲೆ ಪೇಪರಿಗೆ ಬರೀತಿದೆ ಅಂತ ಅಂದ್ಕೊಂಡ. ಕಟ್ಟು ಬಿಚ್ಚಿ ನೋಡೋ ಧೈರ್ಯ ಬರಲಿಲ್ಲ. ಅವತ್ತೇ ಮೀಟಿಂಗ್ ಕರೆದು, ಕೈ ಮುಗಿದು, ರಾಜೀನಾಮೆ ಕೊಟ್ಟುಬಿಟ್ಟ.

ಆಮೇಲೆ ಉಳಿದವರು ಕಟ್ಟು ಬಿಚ್ಚಿದ್ರೆ ಎಲ್ಲಾ ಕಾರ್ಡಲ್ಲೂ ಕಪ್ಪು ಬಿಳಿ ಮನೆಗಳು. ನನ್ನ ವಿಳಾಸ ನೋಡಿ ವಾಚ್‌ಮನ್ ಕೈಯಲ್ಲಿ ವಾಪಸ್ ಕಳಿಸಿದ್ರು. ಜೊತೆಗೆ ಒಂದು ಡಬ್ಬ ಮೈಸೂರು ಪಾಕು. ಆ ಸೆಕ್ರೆಟರಿಯನ್ನ ಇಳಿಸೋಕೆ ಅವರಿಗೆ ವರ್ಷಗಳಿಂದ ಆಗಿರಲಿಲ್ಲವಂತೆ.

ಕಾರ್ಡು ತಲುಪಬೇಕಾದ ಗಡುವು ದಾಟಿಹೋಗಿತ್ತು. ನನ್ನ ಸರಿಯಾದ ಕಾರ್ಡು ನನ್ನ ಕೈಯಲ್ಲೇ ಇತ್ತು. ಮೈಸೂರು ಪಾಕಿನ ಡಬ್ಬ ಪಕ್ಕಕ್ಕೆ ತಳ್ಳಿದೆ. ರೊಟ್ಟಿ ಅಕ್ಕ ಎರಡು ತುಂಡು ತಿಂದು, ಕೈ ಒರೆಸ್ಕೊಂಡು, "ಅಕ್ಕಾರ, ಬಾಜೂ ಅಪಾರ್ಟ್‌ಮೆಂಟಿನಾಗೂ ಒಂದು ಕೆಂಪು ಡಬ್ಬಿ ಐತ್ರಿ," ಅಂದ್ಲು.

ಅದೃಷ್ಟಶಾಲಿ

ಹೀಗಿರೋವಾಗ ಒಂದು ಭಾನುವಾರ ಪದಬಂಧದ ಕೆಳಗೆ ಒಂದು ಪ್ರಕಟಣೆ. ಸ್ಪರ್ಧೆಗೆ ಬರುವ ಕಾರ್ಡುಗಳು ತೀರಾ ಕಮ್ಮಿಯಾಗಿವೆ, ಹೀಗೇ ಆದರೆ ನಿಲ್ಲಿಸಬೇಕಾಗುತ್ತದೆ ಅಂತ. ಹೆಸರು ಬರೋಕೆ ಮುಂಚೆ ಸ್ಪರ್ಧೆಯೇ ಹೋದ್ರೆ ನಾನು ಇಷ್ಟು ವರ್ಷ ಮಾಡಿದ್ದೇನು? ಮೇಷ್ಟ್ರಂತೂ ಸ್ಟೂಲ್ ಮೇಲೆ ಕುಸಿದು ಕೂತ್ರು.

ಕೊನೆಗೆ ಅವರೇ ಉಪಾಯ ಹೇಳಿದ್ರು. ಮನೆಯಲ್ಲಿ ಎಷ್ಟು ಜನ ಇದಾರೋ ಅಷ್ಟೂ ಹೆಸರಲ್ಲಿ ಕಾರ್ಡು ಹೋಗಲಿ, ರಾಶಿ ನೋಡಿ ಅವರಿಗೇ ಗಾಬರಿ ಆಗಬೇಕು ಅಂತ. ಪೇಪರಿನ ಅಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ಬಾಚ್ಕೊಂಡು ಬಂದ್ವಿ. ನಾನು ನನ್ನ ಹೆಸರಲ್ಲಿ ಒಂದು, ಅತ್ತೆಯವರ ಹೆಸರಲ್ಲಿ ಒಂದು, ಯಜಮಾನ್ರ ಹೆಸರಲ್ಲಿ ಒಂದು ತುಂಬಿದೆ. ಅವರ ಕಾರ್ಡಿಗೆ ಅವರ ಫೋನ್ ನಂಬರನ್ನೇ ಬರೆದೆ, ಸಾಚಾ ಕಾಣಲಿ ಅಂತ. ಅವರಿಗೆ ಹೇಳಲಿಲ್ಲ.

ಫೋನ್ ಬಂದಾಗ ಯಜಮಾನ್ರು ಉಲ್ಲಾಳದಲ್ಲಿ ಯಾರಿಗೋ ಸೈಟು ತೋರಿಸ್ತಿದ್ರಂತೆ. ಸಾರ್, ನಿಮಗೆ ಬಹುಮಾನ ಬಂದಿದೆ ಅಂದ ತಕ್ಷಣ, ಒಟಿಪಿ ಕೊಡಲ್ಲ ಹೋಗಯ್ಯಾ ಅಂತ ಬೈದು ಫೋನ್ ಇಟ್ರು. ಪತ್ರಿಕೆಯವರು ಪಾಪ, ನನ್ನ ಕಾರ್ಡಲ್ಲೂ ಅದೇ ವಿಳಾಸ ಇರೋದು ನೋಡಿ ನನ್ನ ನಂಬರಿಗೆ ಮಾಡಿದ್ರು. ಯಜಮಾನ್ರ ಹೆಸರು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಸಾರ್, ಬರೆದಿದ್ದು ನಾನೇ, ನನ್ನ ಹೆಸರಿಗೆ ಮಾಡೋಕಾಗಲ್ವಾ ಅಂತ ಅಂಗಲಾಚಿದೆ. ಅವರು ಬಹಳ ಮರ್ಯಾದೆಯಿಂದ, ಎಷ್ಟೋ ಮನೆಗಳಲ್ಲಿ ಹೀಗೇ ಹೇಳ್ತಾರಮ್ಮ, ಕಾರ್ಡಲ್ಲಿ ಇರೋ ಹೆಸರೇ ಕೊನೆ ಅಂದ್ರು. ಮೇಲಿಂದ ಇನ್ನೊಂದು ಸುದ್ದಿ. ಒಂದು ವಿಳಾಸಕ್ಕೆ ವರ್ಷಕ್ಕೆ ಒಂದೇ ಬಹುಮಾನ, ಹಾಗಾಗಿ ಇನ್ನೊಂದು ವರ್ಷ ನಮ್ಮ ಮನೆಯ ಕಾರ್ಡು ಪರಿಗಣಿಸಲ್ಲ.

ಫೋಟೋ ಜೊತೆ, ಪದಬಂಧದ ಬಗ್ಗೆ ವಿಜೇತರ ಎರಡು ಮಾತು ಬೇಕು ಅಂದಿದ್ರು. ಅದನ್ನೂ ನಾನೇ ಬರೆದೆ. ಪದಬಂಧ ನನ್ನ ಏಕಾಗ್ರತೆಯನ್ನು ಹೆಚ್ಚಿಸಿದೆ ಅಂತ ಒಂದು ವಾಕ್ಯ. ನನ್ನ ಪತ್ನಿಯೇ ನನಗೆ ಗುರು ಅಂತ ನನ್ನದೇ ಪೂರ್ತಿ ಹೆಸರು ಸಮೇತ ಇನ್ನೊಂದು ವಾಕ್ಯ. ಹಾಗಾದ್ರೂ ಬರಲಿ ಅಂತ ನನ್ನ ಆಸೆ. ಭಾನುವಾರ ಪೇಪರ್ ಬಂತು. ಯಜಮಾನ್ರ ಫೋಟೋ ಚೆನ್ನಾಗಿಯೇ ಬಂದಿತ್ತು. ಏಕಾಗ್ರತೆಯೂ ಇತ್ತು. ಜಾಗ ಸಾಲದೆ ನನ್ನನ್ನ ತೆಗೆದುಹಾಕಿದ್ರು.

ಆ ವಾರ ನಮ್ಮನೆಗೆ ಬಂದ ಫೋನಿಗೆ ಲೆಕ್ಕ ಇಲ್ಲ. ಮೊದಮೊದಲು ಯಜಮಾನ್ರು, ಅಯ್ಯೋ ಅದು ನಮ್ಮವಳದ್ದು ಅಂತಿದ್ರು. ಮಧ್ಯಾಹ್ನದ ಹೊತ್ತಿಗೆ, ಏನೋ ಇಬ್ಬರೂ ಸೇರಿ ಮಾಡ್ತೀವಿ ಅಂದ್ರು. ಸಂಜೆಗೆ, ಮೊದಲಿಂದಲೂ ಸ್ವಲ್ಪ ಆಸಕ್ತಿ ಇತ್ತು ಅಂತ ಶುರು ಮಾಡಿದ್ರು. ಮೇಷ್ಟ್ರು ನನ್ನ ಅಂಗಡಿ ಮುಂದೆಯೇ ಸನ್ಮಾನ ಇಟ್ಟು ಶಾಲು ಹೊದಿಸಿದ್ರು. ಬರೆದಿದ್ದು ನಾನು ಅಂತ ನಿಮಗೇ ಗೊತ್ತಲ್ಲ ಮೇಷ್ಟ್ರೇ ಅಂದ್ರೆ, ಗೊತ್ತಮ್ಮ, ಆದ್ರೆ ಪೇಪರಲ್ಲಿ ಅವರದ್ದಲ್ವಾ ಬಂದಿರೋದು ಅಂದ್ರು. ಯಜಮಾನ್ರು ಮೈಕ್ ಇಲ್ಲದೇನೇ ಮುಕ್ಕಾಲು ಗಂಟೆ ಮಾತಾಡಿ, ಹೆಂಗಸರು ಟೀವಿ ಬಿಟ್ಟು ಇಂಥದ್ರಲ್ಲಿ ತೊಡಗಿಸ್ಕೋಬೇಕು ಅಂತ ಕರೆ ಕೊಟ್ರು. ರೊಟ್ಟಿ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ಲು. ಸಮಾಧಾನಕ್ಕೋ, ನಾನು ಎದ್ದು ಏನಾದ್ರೂ ಮಾಡಿಬಿಟ್ಟೇನು ಅಂತಲೋ ಗೊತ್ತಿಲ್ಲ.

ಅದರ ಮುಂದಿನ ಭಾನುವಾರ ನಾನು ಎದ್ದು ಬರೋಷ್ಟರಲ್ಲಿ ಪುರವಣಿ ಯಜಮಾನ್ರ ತೊಡೆ ಮೇಲಿತ್ತು. ಸ್ನಾನ ಆಗಿತ್ತು, ಕೈಯಲ್ಲಿ ಪೆನ್ನಿತ್ತು. ಒಂದೊಂದೇ ಸುಳಿವು ಗಟ್ಟಿಯಾಗಿ ಓದೋದು, ನಾನು ಅಡುಗೆಮನೆಯಿಂದ ಉತ್ತರ ಹೇಳೋದು, ಅವರು ಹೂಂ, ನಾನೂ ಅದನ್ನೇ ಅಂದ್ಕೊಂಡಿದ್ದೆ ಅಂತ ಬರೆಯೋದು. ಅರ್ಧ ಮುಗಿಯೋಷ್ಟರಲ್ಲಿ ನನಗೆ ತಡೆಯಕ್ಕಾಗಲಿಲ್ಲ. ಲಟ್ಟಣಿಗೆ ಕೆಳಗಿಟ್ಟು ಅಲ್ಲೇ ಕೂತು ಅತ್ತುಬಿಟ್ಟೆ. ಇಷ್ಟು ವರ್ಷ ಬರೆದು ಬರೆದು ಸವೆದೆ ರೀ, ಒಂದು ಸಲವೂ ನನ್ನ ಹೆಸರು ಬರಲಿಲ್ಲ, ಇನ್ನೊಂದು ವರ್ಷ ಬರೋದೂ ಇಲ್ಲ ಅಂದೆ.

ಯಜಮಾನ್ರು ಪೆನ್ನಿಗೆ ಕ್ಯಾಪ್ ಹಾಕಿದ್ರು. ಎದ್ದು ಬಂದು ಪಕ್ಕದಲ್ಲಿ ಕೂತು ತಲೆ ಸವರಿದ್ರು. ಮದುವೆಯಾದ ಮೇಲೆ ಇಷ್ಟು ಮೃದುವಾಗಿ ಅವರು ಮಾತಾಡಿದ್ದು ನನಗೆ ನೆನಪಿಲ್ಲ.

"ಎದೆಗುಂದಬಾರದು ಕಣೇ," ಅಂದ್ರು. "ಬಿಡದೆ ಪ್ರಯತ್ನ ಮಾಡ್ತಿರು. ನನಗೆ ನೋಡು, ಮೊದಲನೇ ಕಾರ್ಡಿಗೇ ಬಂತು."