ಆ ಕಡೆ ಹೋದ ಜೇಡ

ಪಾಂಡಪ್ಪ ಸಾಯುವ ಹಿಂದಿನ ದಿನ ಎರಡು ಕಡೆ ಉಂಡ. ಅದರಲ್ಲಿ ವಿಶೇಷವೇನೂ ಇಲ್ಲ. ಇಬ್ಬರು ಹೆಂಡಿರ ಗಂಡ ದಿನಾಲೂ ಎರಡು ಕಡೆ ಉಣ್ಣಲೇಬೇಕು.

ಮೊದಲು ಕಿರಿಯಳಾದ ಸುಂದರವ್ವನ ಅಡುಗೆಮನೆಯಲ್ಲಿ ಕೂತು ಬಿಸಿ ರೊಟ್ಟಿ, ಹೀರೇಕಾಯಿ ಪಲ್ಯ, ಶೇಂಗಾ ಚಟ್ನಿ ಮುಗಿಸಿದ. 'ನಿನ್ನ ಕೈಯಾನ ರುಚಿ ಯಾರಿಗೂ ಬರೂದಿಲ್ಲ ನೋಡ' ಎಂದ. ಕೈ ತೊಳೆದು ಪಡಸಾಲೆ ದಾಟಿ ಹಿರಿಯಳಾದ ಇಂದ್ರಾಬಾಯಿಯ ಅಡುಗೆಮನೆಗೆ ಹೋದ. ಅಲ್ಲಿ ಗೋಧಿ, ಬೆಲ್ಲದ ಸಿಹಿ ಮಾದ್ಲಿ ಇತ್ತು. ಅದನ್ನು ತಿಂದು ಅಲ್ಲಿಯೂ ಅದೇ ಮಾತು ಹೇಳಿದ. (ನಡುವಿನ ಗೋಡೆ ತೆಳ್ಳಗಿತ್ತು. ಸುಂದರವ್ವನ ಕಿವಿ ಅದಕ್ಕಿಂತ ತೆಳ್ಳಗಿದ್ದವು.)

ಹುನಗುಂದದ ಕೋರ್ಟಿನ ಮುಂದೆ ಬೇವಿನ ಗಿಡದ ಕೆಳಗೆ ಟೇಬಲ್ಲು ಹಾಕಿಕೊಂಡು ಅರ್ಜಿ ಬರೆದುಕೊಡುವವನು ಪಾಂಡಪ್ಪ. ವಾದಿಗೂ ಅವನೇ ಬರೆಯುವನು, ಪ್ರತಿವಾದಿಗೂ ಅವನೇ. ಮನೆಯಲ್ಲಿಯೂ ಅದೇ ರೂಢಿ. ಕಾಯ್ದೆ ಬಲ್ಲವನು ಎರಡು ಮದುವೆ ಹೇಗೆ ಮಾಡಿಕೊಂಡ ಎಂದು ಕೇಳಬೇಡಿ. ಕಾಯ್ದೆ ಬಲ್ಲವರಿಗಿರುವ ಧೈರ್ಯ ಬೇರೆಯವರಿಗೆ ಇರುವುದಿಲ್ಲ.

ಉಂಡವನು ಪಡಸಾಲೆಗೆ ಬಂದು ದೊಡ್ಡದಾಗಿ ತೇಗಿದ.

'ಮಾದ್ಲಿ ತೇಗು' ಎಂದಳು ಇಂದ್ರಾಬಾಯಿ ಆ ಬಾಗಿಲಿನಿಂದ.

'ಶೇಂಗಾ ಚಟ್ನೀದು. ವಾಸನಿ ಇಲ್ಲಿತನಕ ಬಂತು' ಎಂದಳು ಸುಂದರವ್ವ ಈ ಬಾಗಿಲಿನಿಂದ.

'ತೇಗಿಗೂ ತಕರಾರ ಹಾಕ್ರಿ' ಎಂದು ಪಾಂಡಪ್ಪ ಕೌದಿ ಹೊದ್ದು ಮಲಗಿದ.

ಮರುದಿನ ಮುಂಜಾನೆ ಎದ್ದು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತ. 'ಚಹಾ ತಾ' ಎಂದ. ಇಬ್ಬರೂ ಒಲೆ ಹಚ್ಚಿದರು. ಇಬ್ಬರೂ ಕಪ್ಪು ಹಿಡಿದು ಹೊರಗೆ ಬರುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ. ಚಹಾ ಕೇಳಿದ್ದು ಯಾರಿಗೆ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಅಣ್ಣನ ಮಗ ಬಂದು ಕೊಳ್ಳಿ ಇಟ್ಟ. ಮನೆಯಲ್ಲಿ ಮಕ್ಕಳಿರಲಿಲ್ಲ. ಇಂದ್ರಾಬಾಯಿಗೆ ಆಗಲಿಲ್ಲವೆಂದು ಸುಂದರವ್ವನನ್ನು ತಂದುಕೊಂಡಿದ್ದ. ಸುಂದರವ್ವನಿಗೂ ಆಗಲಿಲ್ಲ. ಇಬ್ಬರ ಹಣೆಬರಹವೂ ಬರಡು ಎಂದು ಊರಿಗೆ ಹೇಳಿಕೊಂಡು, ಮನೆಯ ನಡುವೆ ಗೋಡೆ ಎಬ್ಬಿಸಿ ಪಡಸಾಲೆಯೊಂದನ್ನು ಇಬ್ಬರಿಗೂ ಸಾಮಾಯಿಕ ಇಟ್ಟಿದ್ದ. ಮೂರನೆಯದಕ್ಕೆ ಕೈ ಹಾಕಲಿಲ್ಲ. ಮೂರನೆಯ ಅಡುಗೆಮನೆಗೆ ಜಾಗವಿರಲಿಲ್ಲ.

ಸತ್ತವರು ಏನಾಗಿ ತಿರುಗಿ ಬಂದರು ಎಂದು ಮೂರನೆಯ ದಿನ ನೋಡುವ ಪದ್ಧತಿ ಆ ಮನೆತನದಲ್ಲಿತ್ತು. ಜೀವ ಹೋದ ಜಾಗದಲ್ಲಿ ಸಂಜೆ ಜೋಳದ ಹಿಟ್ಟು ತೆಳ್ಳಗೆ ಹರವಿ, ಮೇಲೆ ಬುಟ್ಟಿ ಡಬ್ಬು ಹಾಕುವುದು. ಮುಂಜಾನೆ ಬುಟ್ಟಿ ಎತ್ತಿ ಹಿಟ್ಟಿನ ಮೇಲಿನ ಹೆಜ್ಜೆ ನೋಡುವುದು. ಹಕ್ಕಿಯ ಹೆಜ್ಜೆ ಇದ್ದರೆ ಹಕ್ಕಿ. ಇರುವೆಯ ಸಾಲು ಇದ್ದರೆ ಇರುವೆ. ಹೆಂಡಿರಿಬ್ಬರ ಅತ್ತೆ ಬೆಕ್ಕಾಗಿ ಬಂದಿದ್ದಳು. ಯಾರಿಗೂ ಆಶ್ಚರ್ಯವಾಗಿರಲಿಲ್ಲ.

ಪಾಂಡಪ್ಪನ ಬುಟ್ಟಿ ಎತ್ತಿದಾಗ ಹಿಟ್ಟಿನ ಮೇಲೆ ಸೂಜಿಯಿಂದ ಗೀರಿದಂಥ ಗೆರೆಗಳು. ಬುಟ್ಟಿಯ ಒಳಮೈಗೆ ಅಂಗೈಯಗಲದ ಒಂದು ಜೇಡ. ಕಂದು ಬಣ್ಣ, ಚಪ್ಪಟೆ ಮೈ, ಉದ್ದ ಕಾಲು. ಮೂತಿಯ ಮೇಲೆ ಅಡ್ಡಕ್ಕೆ ಒಂದು ಬಿಳಿ ಪಟ್ಟಿ.

ಕೋರ್ಟಿನ ಮುಂದೆ ಚಹಾದಂಗಡಿ ಇಟ್ಟ ಹನಮಪ್ಪ ಪಾಂಡಪ್ಪನ ಗೆಳೆಯ. ಅವನು ಬಗ್ಗಿ ನೋಡಿ ಕೈ ಮುಗಿದ. 'ಮೀಸಿ ನೋಡ್ರಿ. ಪಾಂಡಣ್ಣಂದ ಮೀಸಿ' ಎಂದ. ಎಲ್ಲರೂ ಕೈ ಮುಗಿದರು. ಜೇಡ ಕೆಳಗಿಳಿಯಿತು. ಪಡಸಾಲೆಯ ನಟ್ಟನಡುವೆ ಒಂದು ಗಳಿಗೆ ನಿಂತಿತು. ಆಮೇಲೆ ಅಡ್ಡಡ್ಡ ಓಡಿ ನೇರ ಇಂದ್ರಾಬಾಯಿಯ ಅಡುಗೆಮನೆ ಹೊಕ್ಕಿತು.

ಸುಂದರವ್ವನ ಕಣ್ಣೀರು ಅಲ್ಲಿಗೇ ಆರಿತು. ಗಂಡ ಸತ್ತದ್ದು ದೈವದ ಕೆಲಸ. ಸತ್ತ ಮೇಲೂ ಆ ಕಡೆಗೇ ಹೋದದ್ದು ಅವನ ಕೆಲಸ.

ಅಂದಿನಿಂದ ಇಂದ್ರಾಬಾಯಿಯ ಮಾತಿಗೆ ಧಾಟಿ ಬಂತು. ಜೇಡ ಅವಳ ಕ್ಯಾಲೆಂಡರಿನ ಹಿಂದೆ ಬಿಡಾರ ಮಾಡಿತ್ತು. ಹಗಲೆಲ್ಲ ಅಲ್ಲಿ ಅಂಟಿಕೊಂಡಿರುವುದು, ಹೊತ್ತು ಮುಳುಗಿದ ಮೇಲೆ ಹೊರಬೀಳುವುದು. (ಇದೂ ಪಾಂಡಪ್ಪನದೇ ಸ್ವಭಾವ.) ಇಂದ್ರಾಬಾಯಿ ಗೋಡೆಗೆ ಕೇಳುವಂತೆ ಅದರ ಸಂಗಡ ಮಾತಾಡುತ್ತಿದ್ದಳು. 'ಏನ್ರಿ, ಗ್ಯಾಸ ಹಚ್ಚತೇನಿ. ತುಸು ಆ ಕಡೆ ಸರೀರಿ.' ಮತ್ತೊಮ್ಮೆ, 'ಇವತ್ತ ಮಾದ್ಲಿ ಮಾಡೇನಿ. ನೀವೇನ ತಿನ್ನೂದಿಲ್ಲ ಬಿಡ್ರಿ, ವಾಸನಿ ಅರ ತಗೋರಿ.'

ಗೋಡೆಯ ಈಚೆ ಸುಂದರವ್ವನ ರೊಟ್ಟಿ ಹೊತ್ತುತ್ತಿತ್ತು.

ಕಡೆಗೆ ಹಿತ್ತಲಿನ ಗೋಡೆಯ ಮೇಲಿಂದ ನೆರೆಮನೆಯ ಅಬೇದಾಳನ್ನು ಕೂಗಿದಳು. 'ಅಬೇದಾ, ನೀನ ಹೇಳ. ಅವರಿಗೆ ನನ್ನ ಕಡೆ ಏನ ಕಮ್ಮಿ ಆಗಿತ್ತು?'

'ಜಿರಳಿ ಕಮ್ಮಿ ಆಗ್ಯಾವ್ರಿ ಅಕ್ಕಾರ' ಎಂದಳು ಅಬೇದಾ. 'ಆ ಜ್ಯಾಡ ಬಲಿ ಕಟ್ಟೂದಿಲ್ಲ. ಓಡಿ ಹಿಡದು ತಿಂತೈತಿ. ನಮ್ಮ ಮನ್ಯಾಗ ಜ್ಯಾಡ ಹೊಡಿಯೂದಿಲ್ಲರಿ, ಅದಕ ದಿನಾ ನೋಡತೇನಿ. ನಿಮ್ಮ ಅಡಗಿಮನಿ ನೀವು ಕನ್ನಡಿ ಇಟ್ಟಂಗ ಇಟ್ಟೀರಿ. ತನ್ನ ಮಾರಿ ನೋಡಕೊಳ್ಳಾಕ ಬರಬೇಕೇನ ಅದು?'

'ಅಂದ್ರ ಇಂದ್ರಕ್ಕನ ಕಡೆ ಜಿರಳಿ ಅದಾವ?'

'ಅದಾವಂತ ನಾ ಎಲ್ಲಿ ಅಂದೆ' ಎಂದು ಅಬೇದಾ ಒಳಗೆ ಹೋದಳು.

ಸುಂದರವ್ವನಿಗೆ ಹಾದಿ ಸಿಕ್ಕಿತು. ಅವಳು ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು. ಆದರೂ ಇದು ತಿಳಿಯದಷ್ಟು ದಡ್ಡಿಯಲ್ಲ. ಬದುಕಿದ್ದಾಗ ಶೇಂಗಾ ಚಟ್ನಿ ಮಾಡಿ ಕರೆಯುತ್ತಿದ್ದಳು, ಈಗ ಜಿರಳೆ ಮಾಡಿ ಕರೆಯಬೇಕು. ಅಡುಗೆ ಬದಲಾಯಿತು, ಅಷ್ಟೇ.

ಅಂದೇ ಮುಸುರೆ ತಿಕ್ಕುವುದನ್ನು ಬಿಟ್ಟಳು. ಮೂಲೆ ಮೂಲೆಗೆ ಬೆಲ್ಲದ ಪುಡಿ ಉದುರಿಸಿದಳು. ಹಳೆಯ ರಟ್ಟಿನ ಡಬ್ಬಿಗಳನ್ನು ತಂದು ಜೋಡಿಸಿದಳು. ಜಿರಳೆಗಳು ಮೊದಲು ನಂಬಲಿಲ್ಲ. ಈ ಮನೆಯಲ್ಲಿ ಅವಕ್ಕೆ ಕಸಬರಿಗೆಯ ಅನುಭವವಿತ್ತು. ಆಮೇಲೆ ಒಂದೊಂದಾಗಿ ಬಂದವು. ಆಮೇಲೆ ಬಂಧುಬಳಗ ಸಮೇತ ಬಂದವು. ಉಪ್ಪಿನಕಾಯಿ ಭರಣಿಯಲ್ಲಿ ಒಂದು ಈಜಾಡುತ್ತಿತ್ತು. ಸುಂದರವ್ವ ಮೂಗು ಮುಚ್ಚಿಕೊಂಡು ಸಹಿಸಿದಳು. ಸಂಸಾರವೆಂದರೆ ಸಹಿಸುವುದೇ ತಾನೆ.

ಒಂದು ಮುಂಜಾನೆ ಒಳಗೆ ಬಂದು ನೋಡುತ್ತಾಳೆ, ಹಿಟ್ಟಿನ ಡಬ್ಬಿಯ ಮೇಲಿನ ಗೋಡೆಗೆ ಅವನು. ಅದೇ ಮೈ, ಅದೇ ಮೀಸೆ. ಎದೆಯ ಕೆಳಗೆ ಅಂಗಿಯ ಗುಂಡಿಗಿಂತ ಅಗಲದ್ದೊಂದು ಬಿಳಿ ಬಿಲ್ಲೆ. ಅದನ್ನು ಮುಂಗಾಲಿನಿಂದ ಗಟ್ಟಿಯಾಗಿ ಅವಚಿ ಹಿಡಿದಿದ್ದ.

ಸುಂದರವ್ವನಿಗೆ ನೋಡಿದ ಕೂಡಲೇ ತಿಳಿಯಿತು. ಶಿಕ್ಕಾ. ಅರ್ಜಿಯ ಮೇಲೆ ಒತ್ತುವ ತನ್ನ ಹೆಸರಿನ ಶಿಕ್ಕಾ ಪಾಂಡಪ್ಪ ಯಾರ ಕೈಗೂ ಕೊಟ್ಟವನಲ್ಲ. ಎದೆಯ ಕಿಸೆಯಲ್ಲಿಟ್ಟು, ಬಸ್ಸು ಹತ್ತುವಾಗಲೂ ಒಂದು ಕೈ ಅದರ ಮೇಲೆಯೇ. ಸಾಯುವಾಗ ಕೊಂಡೊಯ್ದದ್ದು ಅದೊಂದನ್ನೇ ಎಂದು ಈಗ ಗೊತ್ತಾಯಿತು.

ಬರಿಗೈಲಿ ಸಂತೋಷಪಡುವವಳಲ್ಲ ಸುಂದರವ್ವ. ಕೋರ್ಟಿನವನ ಹೆಂಡತಿ. ಸಾಕ್ಷಿಗೆ ಪಂಚರನ್ನು ಕರೆಸಿದಳು. ಪಂಚರೆಂದರೆ ಹನಮಪ್ಪ ಮತ್ತು ಅಬೇದಾ. ಇಂದ್ರಾಬಾಯಿಗೂ ಹೇಳಿ ಕಳಿಸಿದಳು. ಅವಳು ಬಂದು ಬಾಗಿಲಲ್ಲಿ ನಿಂತಳು.

'ಹನಮಪ್ಪಣ್ಣಾ, ಕಣ್ಣ ತೆರದು ನೋಡ್ರಿ. ಇವರು ಯಾರು?'

'ಪಾಂಡಣ್ಣ' ಎಂದ ಹನಮಪ್ಪ. ಅಂದು ಬುಟ್ಟಿ ಎತ್ತಿದಾಗ ಹೇಳಿದ್ದನ್ನು ಈಗ ಹೇಗೆ ಬದಲಿಸುವುದು.

'ಯಾರ ಕಬ್ಜಾದಾಗ ಅದಾರು?'

'ನಿಮ್ಮ ಕಬ್ಜಾದಾಗ.'

'ಶಿಕ್ಕಾ ಐತೋ ಇಲ್ಲೋ?'

'ಐತಿ. ಭಾಳ ಗಟ್ಟಿ ಹಿಡದಾನ.' ಹನಮಪ್ಪ ಮೊಬೈಲು ತೆಗೆದು ಫೋಟೊ ಹೊಡೆದ.

ಅಬೇದಾ ಬಿಲ್ಲೆಯನ್ನೇ ನೋಡುತ್ತಿದ್ದಳು. 'ಅಕ್ಕಾರ, ಅದು ಶಿಕ್ಕಾ ಅಲ್ಲ ಅನಸತೈತ್ರಿ...'

'ನೀ ಸುಮ್ಮನಿರ. ಪಂಚರು ಕೇಳಿದ್ದಕ್ಕ ಅಷ್ಟ ಹೇಳಬೇಕು' ಎಂದು ಸುಂದರವ್ವ ತಿರುಗಿದಳು. 'ಅಕ್ಕಾ, ನಿಂದೇನರ ತಕರಾರ ಐತೇನು?'

ಇಂದ್ರಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದು ಸುಂದರವ್ವನ ಹೊಟ್ಟೆ ತಣ್ಣಗಾಯಿತು.

'ನಂದೇನ ಇಲ್ಲವಾ. ನಿನ್ನವರು ನಿನಗ. ಆದ್ರ ಪಂಚರ ಮುಂದ ಒಂದ ಮಾತ. ಇನ್ನ ಮ್ಯಾಲ ಅವರಿಗೆ ಬ್ಯಾನಿ ಬಂದ್ರೂ, ಬ್ಯಾಸರಕಿ ಬಂದ್ರೂ ನನ್ನ ಕರೀಬ್ಯಾಡ.'

'ನಿನ್ನ ಯಾಕ ಕರೀಲಿ. ನಾ ಇಲ್ಲೇನು?'

'ಖರೇನ?'

'ಖರೆ.'

ಗಂಡ ಹೋದ ಮೇಲೆ ಸುಂದರವ್ವ ಹೊಟ್ಟೆ ತುಂಬ ಉಂಡದ್ದು ಅಂದೇ. ರೊಟ್ಟಿ ಬಡಿಯುತ್ತ ಗೋಡೆಗೆ ಕೇಳುವಂತೆ ಈಗ ಅವಳು ಮಾತಾಡಿದಳು. ಪಲ್ಯಕ್ಕೆ ಏನು ಹಾಕಿದೆ, ನೀರು ಯಾವಾಗ ಬಂತು, ಎಲ್ಲವನ್ನೂ ಒಪ್ಪಿಸಿದಳು. ಗೋಡೆ ಆ ಕಡೆಯಿಂದ ಸುಮ್ಮನಿದ್ದಾಗ ದನಿ ಇಳಿಸಿ ಒಂದು ಮಾತು ಕೇಳಿದಳು.

'ಅವತ್ತ ಚಹಾ ಕೇಳಿದ್ರಲ್ಲ. ನನಗ ಕೇಳಿದ್ರೋ, ಅಕಿಗೋ?'

ಜೇಡ ಅಲುಗಲಿಲ್ಲ. ಜಿರಳೆಗಳು ಅದರ ಮೂಗಿನ ಕೆಳಗೇ ಅಡ್ಡಾಡಿದರೂ ಬಾಯಿ ಹಾಕಲಿಲ್ಲ. ಆ ಕಡೆಯ ವಾಸನೆಗೆ ಹೊಟ್ಟೆ ಕೆಟ್ಟಿರಬೇಕೆಂದು ಸುಂದರವ್ವ ಇಂದ್ರಾಬಾಯಿಯನ್ನು ಬೈದುಕೊಂಡಳು.

ಹೀಗೆ ಸುಖವಾಗಿ ಕೆಲವು ದಿನ ಕಳೆದವು. ಆಮೇಲೆ ಒಂದು ಮುಂಜಾನೆ ಶಿಕ್ಕಾ ಒಡೆಯಿತು.

ಮೊದಲು ಗೋಡೆಗೆ ಗಸಗಸೆ ಎರಚಿದಂತೆ ಕಂಡಿತು. ಗಸಗಸೆಗೆ ಕಾಲುಗಳಿದ್ದವು. ಅವು ಗೋಡೆಯಿಂದ ತೊಲೆಗೆ, ತೊಲೆಯಿಂದ ಹಿಟ್ಟಿನ ಡಬ್ಬಿಗೆ, ಡಬ್ಬಿಯಿಂದ ಸುಂದರವ್ವನ ತುರುಬಿಗೆ ಬಂದವು. ಅವಳ ಕಿರುಚಾಟಕ್ಕೆ ಅಬೇದಾ ಓಡಿಬಂದಳು. ಹಾಲು ಹಾಕಿಸಿಕೊಂಡು ಹೊರಟಿದ್ದ ಹನಮಪ್ಪನೂ ಬಂದ. ಇಂದ್ರಾಬಾಯಿ ಮಾತ್ರ ತನ್ನ ಹೊಸ್ತಿಲು ದಾಟಲಿಲ್ಲ.

'ನನ್ನ ಕರೀಬ್ಯಾಡ ಅಂದಿದ್ದೆ' ಎಂದಳು ಅಲ್ಲಿಂದಲೇ.

'ಕರದಿಲ್ಲ' ಎಂದಳು ಸುಂದರವ್ವ.

'ಮತ್ತ ಒದರಿದ್ದು ಯಾರು?'

ಅಬೇದಾ ಸುಂದರವ್ವನ ತುರುಬು ಝಾಡಿಸುತ್ತ ಮೆಲ್ಲಗೆ ಹೇಳಿದಳು. 'ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಿಮ್ಮನಿಯವರು ಹಡದಾರ್ರಿ.'

ಹನಮಪ್ಪ ಅದನ್ನೂ ಫೋಟೊ ಹೊಡೆದ. ಮಧ್ಯಾಹ್ನದೊಳಗೆ ಅರ್ಜಿ ಬರೆಯುವ ಪಾಂಡಪ್ಪ ಹೆತ್ತ ಸುದ್ದಿ ಕೋರ್ಟಿಗೆಲ್ಲ ಗೊತ್ತಾಯಿತು. ವಕೀಲರು ಚಹಾ ಕುಡಿಯುತ್ತ 'ಬಾಣಂತಿ ಹೆಂಗದಾನ' ಎಂದು ವಿಚಾರಿಸಿದರಂತೆ. ಯಾರೋ ಪುಣ್ಯಾತ್ಮರು ತೊಟ್ಟಿಲಿಗೆ ಅರ್ಜಿ ಹಾಕಿರಿ ಎಂದರಂತೆ. ಪಂಚರ ಮುಂದೆ ಅದು ತನ್ನ ಗಂಡನೇ ಎಂದು ಸಾಬೀತು ಮಾಡಿದವಳು ಸುಂದರವ್ವ. ಈಗ ಅಲ್ಲವೆನ್ನಲು ಹಾದಿ ಇರಲಿಲ್ಲ.

ಇಂದ್ರಾಬಾಯಿ ಬಸ್ಸು ಹತ್ತಿ ಅಮೀನಗಡಕ್ಕೆ ಹೋದಳು. ಕರದಂಟು ತಂದಳು. ಸುಂದರವ್ವನ ಅಡುಗೆಮನೆಗೆ ಬಂದು ಮುಂದೆ ಇಟ್ಟಳು. (ಗೋಡೆ ಎದ್ದ ಮೇಲೆ ಆ ಹೊಸ್ತಿಲು ದಾಟಿ ಒಳಗೆ ಕೂತದ್ದು ಅದೇ ಮೊದಲು.)

'ಬಾಣಂತಿಗೆ ಅಂಟು ಕೊಡೂದು ಪದ್ಧತಿ. ಆದ್ರ ಬಾಣಂತಿ ಗ್ವಾಡಿ ಮ್ಯಾಲ ಅದಾಳ, ತಿನ್ನೂದಿಲ್ಲ. ನೀ ತಿನ್ನ.'

'ನಿನಗ ಮೊದಲ ಗೊತ್ತಿತ್ತೇನು?'

'ಕ್ಯಾಲೆಂಡರ ಹಿಂದ ಕೂತು ನೂಲ ಸುತ್ತಿ ಆ ಬಿಲ್ಲೆ ಮಾಡೂದನ್ನ ನಾನ ನೋಡೇನಿ. ತತ್ತಿ ಇಟ್ಟೈತಿ ಅನ್ನೂದು ತಿಳೀತು. ಅದಕ ಕಸಬರಗೀಲೆ ನಿನ್ನ ಕಡೆ ದಾಟಿಸಿದೆ.'

ಸುಂದರವ್ವನ ಬಾಯಲ್ಲಿದ್ದ ಕರದಂಟು ಅಲ್ಲಿಯೇ ನಿಂತಿತು. ಊರು ನಕ್ಕದ್ದು ಅಷ್ಟು ಚುಚ್ಚಿರಲಿಲ್ಲ. ಹಾಗಾದರೆ ಅವನು ತಾನಾಗಿ ಬಂದಿರಲಿಲ್ಲ.

'ಮೊದಲನೇ ದಿನ ನಿನ್ನ ಕಡೆ ಅಂತೂ ತಾನ ಬಂತಲ್ಲ' ಎಂದಳು ಕಡೆಗೆ.

'ನನ್ನ ಬಾಗಿಲ ತೆರದಿತ್ತು, ಬಂತು. ನೀ ಒಳಗ ಅತ್ತು, ಬಾಗಿಲ ಎಳಕೊಂಡು ಹೊರಗ ಬಂದಿದ್ದಿ. ಮುಚ್ಚಿದ ಬಾಗಿಲದಾಗ ಜ್ಯಾಡ ಹೆಂಗ ಹೋಗಬೇಕು? ಅದಕೇನ ಹಿರೇಕಿ ಗೊತ್ತ, ಕಿರೇಕಿ ಗೊತ್ತ?'

ಇಂದ್ರಾಬಾಯಿ ಇನ್ನೊಂದು ತುಂಡು ಮುರಿದು ಸುಂದರವ್ವನ ಕೈಗಿಟ್ಟಳು. ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಗೋಡೆಯ ಮೇಲಿನ ಬಾಣಂತಿಯನ್ನು ಬಹಳ ಹೊತ್ತು ನೋಡಿದಳು.

'ಇದು ಅವರ ಅಂತ ತಿಳಿಯೂಣು. ಜೀವ ಇರೂತನಕ ಇಬ್ಬರಿಗೂ ಬಂಜಿ ಅಂದ್ರು. ಕಡೀಕ ತಾವ ಹಡೀಬೇಕಾತ ನೋಡ.'

ಮೊದಲು ಯಾರು ನಕ್ಕರೋ ಗೊತ್ತಿಲ್ಲ. ಅಬೇದಾ ಯಾರೋ ಅಳುತ್ತಿದ್ದಾರೆಂದು ಗೋಡೆಯ ಮೇಲಿಂದ ಇಣುಕಿದಳು. ಸಾವಾದ ಮನೆಯಲ್ಲಿ ಇಬ್ಬರು ವಿಧವೆಯರು ಕರದಂಟು ತಿನ್ನುತ್ತ ಹೊಟ್ಟೆ ಹಿಡಿದುಕೊಂಡಿದ್ದರು.

ಅಂದಮಾತ್ರಕ್ಕೆ ಗೋಡೆ ಬಿದ್ದಿಲ್ಲ. ಸುಂದರವ್ವನ ಅಡುಗೆಮನೆ ಮತ್ತೆ ಕನ್ನಡಿಯಾಗಿದೆ. ಮರಿಗಳಲ್ಲಿ ಬಹಳಷ್ಟು ಎಲ್ಲಿಗೋ ಹೋದವು. ಉಳಿದವು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಂಗೈಯಗಲ ಬೆಳೆದವು. ಗಂಡು ಯಾವುದು, ಹೆಣ್ಣು ಯಾವುದು ಎಂದು ಈಗ ಸುಂದರವ್ವನಿಗೆ ಗೊತ್ತು. ಹೊಟ್ಟೆ ತೆಳ್ಳಗೆ, ಕಾಲು ಉದ್ದ ಇದ್ದರೆ ಗಂಡು. ಹೊಟ್ಟೆ ದಪ್ಪಗಿದ್ದರೆ ಹೆಣ್ಣು. ಮೀಸೆ ಎರಡಕ್ಕೂ ಇರುತ್ತದೆ.

ದಿನಾ ಮುಂಜಾನೆ ಎದ್ದು ಸುಂದರವ್ವ ಮೊದಲು ಪಡಸಾಲೆಯ ಕೌದಿಗಳನ್ನು ಒಂದೊಂದಾಗಿ ಬಿಚ್ಚಿ ಮೆಲ್ಲಗೆ ಝಾಡಿಸುತ್ತಾಳೆ. ಮಡಿಕೆಯಲ್ಲಿ ಅಡಗಿದ್ದವು ಕೆಳಗೆ ಬೀಳುತ್ತವೆ. ಹೆಣ್ಣನ್ನು ಕಸಬರಿಗೆಯ ತುದಿಯಿಂದ ಇಂದ್ರಾಬಾಯಿಯ ಬಾಗಿಲಿಗೆ ದಾಟಿಸುತ್ತಾಳೆ. ಗಂಡಿನ ಮೇಲೆ ತಂಬಿಗೆ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ತನ್ನ ಅಡುಗೆಮನೆಯ ಗೋಡೆಗೆ ಬಿಡುತ್ತಾಳೆ. ಬಾಗಿಲು ತೆರೆದೇ ಇಡುತ್ತಾಳೆ. ಗಂಡುಗಳು ಹೆಣ್ಣು ಹುಡುಕುತ್ತ ಸಂಜೆಯೊಳಗೆ ಆ ಕಡೆ ಹೋಗಿಬಿಟ್ಟಿರುತ್ತವೆ. ಮರುದಿನ ಎದ್ದು ಮತ್ತೆ ಕೌದಿ ಝಾಡಿಸುತ್ತಾಳೆ.