ಟ್ಯಾಂಕಿನಲ್ಲಿ ಬಿದ್ದ ಆಕ್ರೋಶ

ಜಗತ್ತಿನ ನೀರಿನ ಸಮಸ್ಯೆಯ ಬಗ್ಗೆ ನನ್ನಷ್ಟು ಸಿಟ್ಟಾಗಬಲ್ಲ ಮನುಷ್ಯ ರಾಯಚೂರು ನಗರದಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ನಂಬಿದ್ದೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು ನಾನು. ಆಫ್ರಿಕಾದ ಹೆಂಗಸರು ನೀರಿಗಾಗಿ ನಡೆಯುವ ದೂರ, ಕೇಪ್‌ಟೌನಿನವರು ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದ್ದು, ಸಿಂಗಪುರದವರು ಬಚ್ಚಲ ನೀರನ್ನೇ ಶುದ್ಧ ಮಾಡಿ ಮತ್ತೆ ಬಳಸುವುದು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ!

"ಉತ್ತರಕ್ಕ ಕೃಷ್ಣಾ, ದಕ್ಷಿಣಕ್ಕ ತುಂಗಭದ್ರಾ! ಎರಡು ಹೊಳಿ ನಡುವ ಕುಂತು ನಾವು ಟ್ಯಾಂಕರಿಗಿ ಕಾಯಬೇಕಾ?" ಎಂದು ದಿನವೂ ಬೆಳಿಗ್ಗೆ ಗುಡುಗುತ್ತಿದ್ದೆ.

"ಗುಡುಗಿದ್ದು ಸಾಕು. ಮಳಿ ಬಂದ್ರ ಹೇಳ್ರಿ," ಎಂದು ಹೆಂಡತಿ ಶರಣಮ್ಮ ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಹೀಗಿರುವಾಗ ಶರಣಮ್ಮನ ಅಕ್ಕನ ಮಗಳು ರೇಣುಕಾಗೆ ಮಾನ್ವಿಯಿಂದ ಒಂದು ಸಂಬಂಧ ಬಂತು. ರೇಣುಕಾ ದೇವದುರ್ಗದಲ್ಲಿ ನರ್ಸ್. ಹುಟ್ಟಿ ಬೆಳೆದದ್ದು ಹೊಳೆದಂಡೆಯ ಗೂಗಲ್ ಎಂಬ ಊರಿನ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ಕೃಷ್ಣೆ ಕಣ್ತುಂಬ ಸಿಗುತ್ತಾಳೆ, ಕೊಡ ತುಂಬ ಸಿಗುವುದಿಲ್ಲ. ಅವಳ ಅವ್ವನ ಆಯುಷ್ಯ ನೀರು ಹೊರುವುದರಲ್ಲೇ ಸವೆದು, ಈಗ ಎಡಗೈ ಭುಜದ ಮೇಲಕ್ಕೆ ಏಳುವುದಿಲ್ಲ. ಹುಡುಗ ಪಿ.ಟಿ. ಮಾಸ್ತರ್, ಹೆಸರು ವಿರೂಪಾಕ್ಷಿ. ಎಲ್ಲರಿಗೂ ಒಪ್ಪಿಗೆ. ರೇಣುಕಾ ಮಾತ್ರ ನನಗೆ ಫೋನ್ ಮಾಡಿದಳು.

"ಕಾಕಾ, ಹುಡುಗನ್ನ ನಾ ನೋಡೀನಿ. ಮನ್ಯಾಗ ನೀರಿನ ಪರಿಸ್ಥಿತಿ ಹೆಂಗ ಅದ, ನೀವು ಹೋಗಿ ಕಣ್ಣಿಲೆ ನೋಡಿ ಬರ್ರಿ. ಅವ್ವನಂಗ ನಾ ಆಗೂದಿಲ್ಲ."

ಒಬ್ಬ ಹುಡುಗಿ ಗಂಡನಿಗಿಂತ ಮೊದಲು ನಳವನ್ನು ಆರಿಸಬೇಕಾದ ಕಾಲ! ನನ್ನ ರಕ್ತ ಕುದಿಯಿತು. ಹೊಸದಾಗಿ ಕಟ್ಟಿಸಿದ್ದ ಹಲ್ಲಿನ ಸೆಟ್ಟನ್ನು ಬಾಯಿಗೆ ಏರಿಸಿ, ಭಾನುವಾರದ ಮೊದಲ ಬಸ್ಸಿಗೇ ಮಾನ್ವಿಗೆ ಹೊರಟೆ. ಮೇಲಿನ ಸೆಟ್ಟು ಸ್ವಲ್ಪ ಸಡಿಲವಿತ್ತು. "ಜೋರಾಗಿ ಮಾತಾಡಬ್ಯಾಡ್ರಿ" ಎಂದು ಡಾಕ್ಟರು ಹೇಳಿದ್ದರು. ನನಗೆ!

ಹುಡುಗನ ತಾಯಿ ಗಂಗಮ್ಮ ಮಂಡಕ್ಕಿ, ಮಿರ್ಚಿ ತಂದಿಟ್ಟರು. ನಾನು ಮುಟ್ಟಲಿಲ್ಲ. ಕರ್ತವ್ಯ ಮೊದಲು! ಅಂಗಳದ ನಳ ತಿರುಗಿಸಿದೆ. ಬುಸ್ಸೆಂದಿತು. ಬಚ್ಚಲಿನ ನಳ ತಿರುಗಿಸಿದೆ. ಅದು ಬುಸ್ಸೆನ್ನಲೂ ಇಲ್ಲ.

ಹುಡುಗನ ತಂದೆ ಬಸಪ್ಪನವರು ಮೊಣಕಾಲು ಉಜ್ಜಿಕೊಳ್ಳುತ್ತ ಕೇಳಿದರು: "ಮಾಸ್ತರ, ಹುಡುಗನ್ನ ನೋಡಾಕ ಬಂದೀರೋ, ನಳಾ ನೋಡಾಕ ಬಂದೀರೋ?"

"ನಳದಾಗ ನೀರು ಯಾವಾಗ ಬರ್ತದ, ಅದು ಹೇಳ್ರಿ."

"ವಾರಕ್ಕೊಮ್ಮಿ. ಮ್ಯಾಲ ಟ್ಯಾಂಕ್ ತುಂಬಿಸಿ, ಸುಮ್ಮ ಹರೀಬಾರ್ದಂತ ವಾಲ್ ಬಂದ್ ಇಟ್ಟೀವಿ. ನಿನ್ನೀನ ತುಂಬ್ಯಾದ."

ಕೇಳಿದ್ದನ್ನು ನಂಬುವ ಜಾತಿಯವನಲ್ಲ ನಾನು. ಯಾರೂ ಜೊತೆಗೆ ಬರುವುದು ಬೇಡವೆಂದು ಹೇಳಿ ಮಾಳಿಗೆ ಹತ್ತಿದೆ. ಕರಿ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ತಲೆ ಹಾಕಿದೆ. ನೀರಿತ್ತು. ಆದರೆ ಇಷ್ಟೇ ನೀರಿನಲ್ಲಿ ಒಂದು ಸಂಸಾರ ವಾರವಿಡೀ ಉಣ್ಣಬೇಕು, ತೊಳೆಯಬೇಕು, ಬಂದವರಿಗೆ ಚಹಾ ಕಾಯಿಸಬೇಕು!

"ಇದು ಅನ್ಯಾಯ!" ಎಂದೆ.

"ಅನ್ಯಾಯ... ಅನ್ಯಾಯ..." ಎಂದಿತು ಟ್ಯಾಂಕು.

ನಿಜ ಹೇಳುತ್ತೇನೆ, ನನ್ನ ಧ್ವನಿ ಅಷ್ಟು ಗಂಭೀರವಾಗಿ ನನಗೇ ಎಂದೂ ಕೇಳಿಸಿರಲಿಲ್ಲ. ಇಷ್ಟು ವರ್ಷ ತರಗತಿಯಲ್ಲಿ ಸಿಗದ ಗೌರವ ಟ್ಯಾಂಕಿನಲ್ಲಿ ಸಿಕ್ಕಿತು! ಹುರುಪಿನಿಂದ ಇನ್ನಷ್ಟು ಬಗ್ಗಿ, "ಎರಡು ಹೊಳಿ ನಡುವ ಇದ್ದೂ ಇದೆಂಥಾ ಬಾಳೇವು? ಯಾರು ಕೇಳಾವ್ರು?" ಎಂದು ಗರ್ಜಿಸಿದೆ.

ಬುಳುಕ್!

ಮೇಲಿನ ಸೆಟ್ಟು ತಳ ಸೇರಿತು.

ಗಾಬರಿಯಿಂದ ಅಂಚಿಗೆ ಬಂದು ಕೂಗಿದೆ: "ಹವ್ವು! ಟ್ಯಾಂಕಿನ್ಯಾಗ ಹವ್ವು ಬಿತ್ತು!" ನಾನು ಹೇಳಿದ್ದು ಹಲ್ಲು. ಹಲ್ಲಿಲ್ಲದೆ ಹಲ್ಲು ಎನ್ನಲು ಬರುವುದಿಲ್ಲವೆಂಬ ಸತ್ಯ ನನಗೆ ಅಂದೇ ತಿಳಿದದ್ದು.

"ಯವ್ವಾ! ಟ್ಯಾಂಕಿನ್ಯಾಗ ಹಾವು ಬಿದ್ದದಂತ!" ಎಂದು ಗಂಗಮ್ಮ ಚೀರಿದರು.

ಓಣಿಗೆ ಓಣಿಯೇ ಬಡಿಗೆ ಹಿಡಿದು ಮಾಳಿಗೆ ಹತ್ತಿತು. ನಾನು ತಲೆ ಅಲ್ಲಾಡಿಸುತ್ತ ಬಾಯಿ ತೋರಿಸಿದೆ.

"ಬಾಯಿಗಿ ಕಡದದಂತ!" ಎಂದ ಒಬ್ಬ. ವಿಷ ಏರದಿರಲೆಂದು ಇನ್ನೊಬ್ಬ ಮಹನೀಯರು ಟವೆಲಿನಿಂದ ನನ್ನ ಬಾಯಿಯನ್ನೇ ಬಿಗಿದು ಕಟ್ಟಿದರು. ಅಲ್ಲಿಗೆ ನನ್ನ ಸ್ಪಷ್ಟೀಕರಣ ಮುಕ್ತಾಯವಾಯಿತು! ಇಬ್ಬರು ನನ್ನನ್ನು ಮಾಳಿಗೆಯಲ್ಲೇ ಇದ್ದ ಹೊರಸಿನ ಮಂಚದ ಮೇಲೆ ಅದುಮಿ ಹಿಡಿದರು. ಆಟೋ ತರಲು ಒಬ್ಬ ಓಡಿದ.

ಅಷ್ಟರಲ್ಲಿ ಮೈದಾನದಿಂದ ವಿರೂಪಾಕ್ಷಿ ಓಡಿ ಬಂದ. ಕೊರಳಲ್ಲಿ ಸೀಟಿ. ಹಾವು ಬಿದ್ದ ನೀರನ್ನು ಕುಡಿಯುವಂತಿಲ್ಲ, ಮೋರಿಗೆ ಚೆಲ್ಲಿರೆಂದು ಯಾರೋ ಅಂದರು. ಅವನು ಸೀಟಿ ಊದಿದ.

"ಒಂದು ಹನಿನೂ ಮೋರಿಗಿ ಹೋಗಬಾರ್ದು! ಕುಡಿಯಾಕ ಬ್ಯಾಡ, ಅರಿವಿ ಒಗಿಯಾಕ ಆಗ್ತದ, ಪಾಯಖಾನಿಗಿ ಆಗ್ತದ, ಬೇವಿನ ಗಿಡಕ್ಕ ಆಗ್ತದ. ಕೊಡ ತರ್ರಿ, ಸಾಲು ಹಿಡೀರಿ!"

ಕೊಡಗಳು ಶಿಸ್ತಿನಿಂದ ಸಾಲು ನಿಂತವು. ನಾನು ಸಿಂಗಪುರದ ಬಗ್ಗೆ ವರ್ಷಗಟ್ಟಲೆ ಹೇಳುತ್ತಿದ್ದುದನ್ನು ಈ ಓಣಿ ಒಂದೇ ಸೀಟಿಗೆ ಮಾಡಿ ಮುಗಿಸುತ್ತಿತ್ತು. ನಾನು ಮಾತ್ರ ಬಾಯಿ ಕಟ್ಟಿಸಿಕೊಂಡು, ಒಂದು ಮನೆಯ ವಾರದ ನೀರು ನನ್ನ ಕಣ್ಣೆದುರೇ ಖಾಲಿಯಾಗುವುದನ್ನು ನೋಡುತ್ತಿದ್ದೆ. ಇಂಥ ಅನ್ಯಾಯದ ವಿರುದ್ಧ ಸಿಟ್ಟಾಗೋಣವೆಂದರೆ ಅಪರಾಧಿ ನಾನೇ!

ಕೊನೆಗೆ ಟ್ಯಾಂಕನ್ನು ವಾಲಿಸಿದರು. ಕೊನೆಯ ಕೊಡ ಪಕ್ಕದ ಮನೆಯ ಜುಲೇಖಾ ಬೀಯವರದು. ಉಳಿದ ನೀರಿನೊಂದಿಗೆ ಏನೋ ಜಾರಿ ಬಂದು ಕೊಡದೊಳಗೆ ಠಣ್ ಎಂದಿತು. ಅವರು ಇಣುಕಿ ನೋಡಿದರು.

"ಯಾ ಅಲ್ಲಾ! ಹಾವಿನ ಹಲ್ಲು!"

ಎಲ್ಲರೂ ಹಲ್ಲು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಟವೆಲು ಬಿಚ್ಚಿದರು. ನಾನು ನಕ್ಕೆ. ನಕ್ಕ ಮೇಲೆ ವಿವರಣೆಯ ಅಗತ್ಯ ಉಳಿಯಲಿಲ್ಲ.

"ಹಾವ ಬಿದ್ದಿದ್ರ ಛಲೋ ಇತ್ತು ಸಾಬ್," ಎಂದರು ಜುಲೇಖಾ ಬೀ. ಹಲ್ಲು ತೊಳೆದು ಹಾಕಿಕೊಳ್ಳೋಣವೆಂದರೆ ಮನೆಯಲ್ಲಿ ಒಂದು ಹನಿ ಒಳ್ಳೆಯ ನೀರಿಲ್ಲ! ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಗಂಗಮ್ಮ ಬರಿದಾದ ಟ್ಯಾಂಕನ್ನು ಮುಟ್ಟಿ ನೋಡುತ್ತ ನಿಂತಿದ್ದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಟ್ಯಾಂಕರ್ ತರಿಸ್ತೀನಿ" ಎಂದು ತೊದಲಿದೆ. ಅದು ಯಾರಿಗೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಜುಲೇಖಾ ಬೀ ತಮ್ಮ ಮನೆಯಿಂದ ಕುಡಿಯುವ ನೀರಿನ ಕೊಡ ತಂದು ಇಟ್ಟರು. ಅವರ ಹಿಂದೆ ಇನ್ನೊಬ್ಬಾಕೆ. ಆಮೇಲೆ ಮತ್ತೊಬ್ಬಾಕೆ. ಎಲ್ಲರ ಮನೆಯಲ್ಲೂ ಇದ್ದದ್ದು ಅದೇ ವಾರದ ನೀರು.

"ಯಾರ ಮನ್ಯಾಗ ಖಾಲಿ ಆದ್ರೂ ನಮ್ಮ ಓಣ್ಯಾಗ ಹಿಂಗ ರೀ," ಎಂದರು ಗಂಗಮ್ಮ. "ಚಹಾ ಕುಡೀತೀರಿ?"

ಆ ಚಹಾವನ್ನು ಒಂದು ಹನಿಯೂ ಬಿಡದೆ ಕುಡಿದೆ. ನೀರು ಹಂಚಿಕೊಳ್ಳುವಷ್ಟು ದೊಡ್ಡ ಮನಸ್ಸಿರುವ ಜನರಿಗೆ ಒಂದು ನಳದ ನೀರು ಕೊಡಲಾಗದ ವ್ಯವಸ್ಥೆಯ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಊರಿಗೆ ಬಂದು, ಸೆಟ್ಟನ್ನು ಕುದಿಯುವ ನೀರಿನಲ್ಲಿ ತೊಳೆದು ಹಾಕಿಕೊಂಡು, ರೇಣುಕಾಗೆ ಎಲ್ಲ ವರದಿ ಒಪ್ಪಿಸಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ನಳಾ ಛಲೋ ಇಲ್ಲ ಕಾಕಾ. ಓಣಿ ಛಲೋ ಅದ. ನಾ ಹೂಂ ಅಂತೀನಿ. ಹೋದ ಮ್ಯಾಲ ಆ ಹೆಂಗಸರ್ನೆಲ್ಲಾ ಕರ್ಕೊಂಡು ನೀರು ಕೇಳಾಕ ಪುರಸಭೆ ಆಫೀಸಿಗಿ ಹೋಗ್ತೀನಿ."

"ನಾನೂ ಬರ್ತೀನಿ! ನಾನ ಭಾಷಣ ಮಾಡ್ತೀನಿ!"

"ಬ್ಯಾಡ್ರಿ," ಎಂದಳು ರೇಣುಕಾ ಫೋನಿನಲ್ಲಿ. "ಬ್ಯಾಡ್ರಿ," ಎಂದಳು ಶರಣಮ್ಮ ಅಡುಗೆಮನೆಯಲ್ಲಿ.

ನಿಶ್ಚಯ ಕಾರ್ಯಕ್ಕೆ ಮಾನ್ವಿಗೆ ಹೋದಾಗ ಮಾಳಿಗೆಯ ಮೆಟ್ಟಿಲಿಗೆ ಅಡ್ಡವಾಗಿ ಒಂದು ಬೆಂಚು ಹಾಕಿದ್ದರು. ಬೆಂಚಿನ ಮೇಲೆ ಬಸಪ್ಪನವರು, ಕೈಯಲ್ಲಿ ಬಡಿಗೆ.

"ಮಾಸ್ತರ, ನೀರಡಿಕಿ ಆಗ್ಯಾದೇನ್ರೀ?"

"ಹೌದ್ರಿ," ಎಂದೆ.

"ಕುಂತಲ್ಲೇ ತಂದು ಕೊಡ್ತಾರ. ನೀವು ಏಳಬ್ಯಾಡ್ರಿ!"

ಜಗತ್ತಿನ ನೀರಿನ ಸಮಸ್ಯೆಯ ಬಗ್ಗೆ ನನಗೆ ಹೇಳುವುದು ಇನ್ನೂ ಬಹಳ ಇತ್ತು. ಬಾಯಿ ಮುಚ್ಚಿಕೊಂಡು ಕುಳಿತೆ.