ಪರಾತದ ಮೇಲಿನ ಕಾಣದ ಕೆನೆ

ನನ್ನ ಮೈದುನನಿಗೆ ಊರಲ್ಲಿ ಯಾರ ಮುಖವೂ ಗುರುತಿಲ್ಲ, ಹಿಮ್ಮಡಿ ಮಾತ್ರ ಗುರುತು! ಬಸವನ ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೇ ನಮಸ್ಕಾರ ಎಂದರೂ ಮೊದಲು ಅವರ ಚಪ್ಪಲಿಯತ್ತ ಬಗ್ಗುತ್ತಾನೆ. "ಈ ಸಲ ಭಾಳ ಒಡದಾವಲ್ರಿ!" ಎನ್ನುತ್ತಾನೆ. ಒಮ್ಮೆ ಒಬ್ಬ ಹಿರಿಯರು, ಇವನು ಕಾಲಿಗೆ ಬೀಳುತ್ತಿದ್ದಾನೆಂದು ತಿಳಿದು ಆಶೀರ್ವಾದವನ್ನೂ ಮಾಡಿಬಿಟ್ಟರು!

ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೆ ಮಂದಿಯ ಚರ್ಮದ ಉಸಾಬರಿ ಏಕೆ? ಕಾರಣ ಅವನ ಹೆಂಡತಿ, ನನ್ನ ನೆಗೆಣ್ಣಿ. ಅವಳ ಕೈಗಳು ಹುಟ್ಟಿನಿಂದಲೇ ಒಣಕಲು. ಸಿಪ್ಪೆ ಏಳುತ್ತದೆ, ಬೆರಳುಗಳು ಸೀಳುತ್ತವೆ. ಅಂಟುರೋಗವಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಆದರೂ ಮದುವೆ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುವಾಗ ಅವಳಿಗೆ ಹಿಟ್ಟು ಮುಟ್ಟಲು ಬಿಡುತ್ತಿರಲಿಲ್ಲ. "ನೀ ಒಲಿ ನೋಡ್ಕೋಳವ್ವಾ" ಎನ್ನುತ್ತಿದ್ದರು. ಅವಳಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಆ ಗುಂಪಿನಲ್ಲಿ ಇನ್ನೊಬ್ಬರಿರಲಿಲ್ಲ! ಅವಳು ಒಲೆಗೆ ಕಟ್ಟಿಗೆ ತುರುಕುತ್ತಿದ್ದಳು. ಇದನ್ನು ಕಂಡ ಮೈದುನ ಚರ್ಮದ ಬಗೆಗಿನ ಪುಸ್ತಕ ಹಿಡಿದ.

ನಾನೋ ಐದೂವರೆಗೆ ಎದ್ದು, ಆರಕ್ಕೆ ಹಿಟ್ಟು ನಾದುವವಳು. ಒಂದು ಬೆಳಿಗ್ಗೆ ನೋಡಿದರೆ ಹಿಟ್ಟಿನ ಅಗಲ ಪರಾತವೇ ಮಾಯ! ಪಡಸಾಲೆಯ ಮೇಜಿನ ಮೇಲೆ ಅದರ ತುಂಬ ನೀರು, ನೀರಿನ ಮೇಲೆ ಪೌಡರು, ಪಕ್ಕದಲ್ಲಿ ಸೀಸೆ ಹಿಡಿದ ಮೈದುನ. ಒಂದು ಹನಿ ಬಿಟ್ಟ. ಪೌಡರು ಗಾಬರಿಯಾಗಿ ದಂಡೆಗೆ ಓಡಿತು.

"ವೈನಿ, ಚರ್ಮದ ಜಿಡ್ಡು ನೀರಿನ ಮ್ಯಾಲೆ ಒಂದs ಅಣುವಿನಷ್ಟು ದಪ್ಪ ಹರಡೇತ್ರಿ! ಕಂಡ್ತೇನು?"

"ಪೌಡರು ಕಂಡ್ತಪಾ."

"ಮ್ಯಾಲೆ ಉಸುರು ಬಿಡಬ್ಯಾಡ್ರಿ!"

"ಮತ್ತೆಲ್ಲಿ ಬಿಡ್ಲಿ?"

"ಅಡಗಿ ಮನಿಯಾಗ!"

ಆ ಬೇಸಿಗೆ ಪಡಸಾಲೆಯಲ್ಲಿ ಫ್ಯಾನು ಬಂದ್. ನಾವು ಬೆವರಿದೆವು, ನೀರಿನ ಮೇಲಿನ ಆ ಕಾಣದ ಕೆನೆ ಮಾತ್ರ ಸುಖವಾಗಿತ್ತು!

ನನಗೆ ಅರ್ಥವಾಗುವವರೆಗೂ ಅವನು ಬಿಡಲಿಲ್ಲ. "ಈ ಜಿಡ್ಡಿನಾಗ ಮೂರು ನಮೂನಿ ಅಣು ಅದಾವ್ರಿ. ಪೂರಾ ಬೆರೆಯೂದಿಲ್ಲ. ಮದವಿಯಾಗ ಕೊಲ್ಹಾರದವರು ಒಂದ್ ಕಡೆ, ಹಿಪ್ಪರಗಿಯವರು ಒಂದ್ ಕಡೆ ಗುಂಪುಗೂಡಿ ಕುಂದ್ರೂದಿಲ್ಲೇನು? ಹಂಗ ನಡುವ ದ್ವೀಪ ಆಗತಾವ. ಒಂದು ನಮೂನಿ ಕಡಿಮಿ ಬಿದ್ರ ಗುಂಪು ಕೆಡತೈತಿ, ಸಂದಿ ಬೀಳತೈತಿ, ಚರ್ಮದಾಗಿನ ನೀರು ಹಾರಿ ಹೋಗತೈತಿ."

ದೊಡ್ಡ ಊರಿನ ಲ್ಯಾಬಿಗೆ ಹೋಗಿ ಆ ದ್ವೀಪಗಳ ಫೋಟೊ ತೆಗೆಸಿಕೊಂಡು ಬಂದ. ಕಪ್ಪು ಬಯಲಿನಲ್ಲಿ ಬಿಳಿ ಚುಕ್ಕೆ. ಕನ್ಯೆಯ ಫೋಟೊದಂತೆ ಮನೆಮನೆಗೆ ಒಯ್ದು ತೋರಿಸಿದ! ಓಣಿಯ ರೊಟ್ಟಿ ಗುಂಪಿನ ಯಜಮಾನಿ ನೀಲಮ್ಮಜ್ಜಿ ಕಣ್ಣು ಕಿರಿದು ಮಾಡಿ, "ಕರೆ ಕಂಬಳಿ ಮ್ಯಾಲೆ ಜ್ವಾಳಾ ಚೆಲ್ಲಿದಂಗೈತಿ" ಎಂದಳು. ಆಮೇಲೆ, "ಇದರಿಂದ ನಿನ್ನ ಹೇಂತಿ ಕೈ ಆರಾಮ ಆಗತಾವೇನು?"

"ಇನ್ನೂ ಇಲ್ಲ, ಆಯಿ."

"ಮತ್ತ್ಯಾಕ ಇದು?"

ಉಪನ್ಯಾಸದಲ್ಲಿ ಎಂದೂ ಸೋಲದವನು ಅಂದು ಫೋಟೊ ಮಡಚಿಕೊಂಡು ಮನೆಗೆ ಬಂದ.

ಆ ವರ್ಷವೇ ನನ್ನ ಮಗಳ ಮದುವೆ. ಅಂಗಳದಲ್ಲಿ ರೊಟ್ಟಿಯ ಸದ್ದು. ಎಂದಿನಂತೆ ನೆಗೆಣ್ಣಿ ಒಲೆಯ ಬಳಿ. ಮೈದುನ ನೇರವಾಗಿ ಹೆಂಗಸರ ನಡುವೆ ಹೋಗಿ, ಕೈ ತೊಳೆದು ಚಕ್ಕಳಮಕ್ಕಳ ಹಾಕಿ ಕುಳಿತ. ಹಿಟ್ಟಿನ ಮುದ್ದೆ ತೆಗೆದುಕೊಂಡು ಬಡಿಯತೊಡಗಿದ!

"ಅಯ್ಯ, ಮಾಸ್ತರಿಗೆ ಏನ್ ಬಂತ!" ಎಂದು ನಗೆಯೋ ನಗೆ. ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೂತು. ಎರಡನೆಯದು ಎತ್ತುವಾಗಲೇ ಹರಿಯಿತು. ಅವನು ತಲೆ ಎತ್ತಲಿಲ್ಲ, ಮೂರನೆಯ ಮುದ್ದೆಗೆ ಕೈ ಹಾಕಿದ.

"ಏಳೋ, ಹಿಟ್ಟು ಕೆಡಸಬ್ಯಾಡ!" ನೀಲಮ್ಮಜ್ಜಿ ಗದರಿದಳು.

"ಅಕಿ ಬರಾತನಕ ಏಳೂದಿಲ್ಲ, ಆಯಿ. ಅಕಿ ಕೈಯಿಂದ ಯಾರಿಗೂ ಏನೂ ಹತ್ತೂದಿಲ್ಲ. ನಾ ದಿನಾ ಉಣ್ಣಾಕತ್ತೇನಿ, ನನಗೇನಾಗೇತಿ?"

"ನಿನಗ ಹುಚ್ಚು ಹತ್ತೇತಿ" ಎಂದು ಯಾರೋ ಅಂದರು. ಈ ಸಲ ಯಾರೂ ನಗಲಿಲ್ಲ.

ನೆಗೆಣ್ಣಿ ಎದ್ದು ಬಂದಳು. "ಸರೀರಿ" ಎಂದಳು, ಅಷ್ಟೇ. ಅವನು ಸರಿದ. ಅವಳ ಸೀಳಿದ ಬೆರಳುಗಳ ಕೆಳಗೆ ಹಿಟ್ಟು ತಿರುಗುತ್ತ, ಅಗಲವಾಗುತ್ತ ಹೋಯಿತು. ಬೇರೆಯವರ ಕೈಗಳೆಲ್ಲ ನಿಂತಿದ್ದವು.

ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ನೀಲಮ್ಮಜ್ಜಿಯೇ ಎತ್ತಿಕೊಂಡಳು. ಮುರಿದಳು, ಬಾಯಿಗಿಟ್ಟಳು, ನಿಧಾನವಾಗಿ ಅಗಿದಳು. ಆಮೇಲೆ ಪಕ್ಕದವಳ ಕಡೆ ತಿರುಗಿ ಹೇಳಿದಳು:

"ಅಕಿ ಕಡೆ ಇನ್ನಷ್ಟು ಹಿಟ್ಟು ಸರಸ್ರಿ."